ಸೊರ್ ಸೊರ್ ಬೆಳಗು

ಸುಂಟಿಕೊಪ್ಪದಿಂದ ಮಡಿಕೇರಿಗೆ ಬಸ್ಸು, ಅಲ್ಲಿ ದಿನವಿಡೀ ಲೆಕ್ಕ ಬರೆಯೋ ಕೆಲಸ. ಸಂಜೆ ಮನೆ ಸೇರಿದ ಮೇಲೆ ಏನನ್ನೂ ಕಲಿಯೋಕೆ ತಲೆ ಓಡಲ್ಲ. ಭಾನುವಾರ ನೋಡೋಣ ಅಂದ್ರೆ ಒಂದಲ್ಲ ಒಂದು ಮದುವೆ. ಅದಕ್ಕೇ ಈ ಮಳೆಗಾಲದಿಂದ ಬೆಳಗ್ಗೆ ಅರ್ಧ ಗಂಟೆ ಬೇಗ ಎದ್ದು ಕಾಫಿ ಕಪ್ಪಿಂಗ್ ಕಲಿಯುತ್ತಿದ್ದೇನೆ. ಅಂದ್ರೆ ಕಾಫಿಯ ರುಚಿ ಅಳೆಯೋದು.

8.25 ಗ್ರಾಂ ಪುಡಿಗೆ 150 ಮಿಲಿ ಬಿಸಿನೀರು. ನಾಲ್ಕು ನಿಮಿಷ ಸುಮ್ನೆ ಕಾಯಬೇಕು. ಆಮೇಲೆ ಮೇಲೆ ತೇಲಿ ಗಟ್ಟಿಯಾದ ಪದರವನ್ನು ಚಮಚದ ಬೆನ್ನಿಂದ ಒಡೆಯಬೇಕು. ಆಗ ಮುಖಕ್ಕೆ ಬಡಿಯೋ ಘಮ ಇದೆಯಲ್ಲ, ನಿದ್ದೆಗೆಟ್ಟಿದ್ದೆಲ್ಲ ಮರೆತೇಹೋಗುತ್ತೆ. ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಚಮಚದಿಂದ ಜೋರಾಗಿ ಹೀರಬೇಕು. ಗಾಳಿ ಸೇರಿ ನಾಲಿಗೆ ತುಂಬ ಹರಡಲಿ ಅಂತ.

"ಸದ್ದು ಮಾಡದೆ ಕುಡಿ ಅಂತ ಚಿಕ್ಕವನಿದ್ದಾಗ ಬೈದು ಬೈದು ಕಲಿಸಿದ್ದೆ, ಈಗ ನೋಡು!" ಅಂತಾರೆ ಅಮ್ಮ.

ಮೊನ್ನೆ ಅಮ್ಮನೇ ಎರಡು ಜಾತಿಯ ಕಾಫಿ ಎರಡು ಲೋಟದಲ್ಲಿಟ್ಟು ಪರೀಕ್ಷೆ ಮಾಡಿದರು. ಅರೇಬಿಕಾನ ರೊಬಸ್ಟಾ ಅಂದೆ! ಸುತ್ತ ತೋಟ, ಅಂಗಳದಲ್ಲಿ ಹಣ್ಣು ಒಣಗಿಸಿದ ಮನೆ, ಆದರೂ ಹೀಗೆ. ಬೆಲ್ಲದ ಕಾಫಿಯಲ್ಲೇ ಬೆಳೆದ ನಾಲಿಗೆ ಅಲ್ವಾ, ಸಿಹಿ ಬಿಟ್ಟು ಬೇರೇನನ್ನೂ ಗಮನಿಸಿರಲೇ ಇಲ್ಲ ಅನಿಸುತ್ತೆ.

ಇವತ್ತು ಮೂರರಲ್ಲಿ ಎರಡು ಸರಿ ಹೇಳಿದೆ. ಆ ಖುಷಿಯಲ್ಲಿ ಬಸ್ಸು ತಪ್ಪಿತು. ಈಗ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತು ಇದನ್ನು ಬರೆಯುತ್ತಿದ್ದೇನೆ.