ಮನೆಯ ಕಾಕ್‌ಪಿಟ್‌ಗೆ ಹೊಸ ಸಾಮಾನು: ಮೊದಲು ಯಾವುದು, ಎಲ್ಲಿ ಕೈಕೊಡುತ್ತದೆ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ (ಸಿಮ್) ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಹೊರಬಂದದ್ದು 2024ರ ನವೆಂಬರ್ 19ಕ್ಕೆ. ಅದರ 'ಐಡಿಯಲ್' ಪಟ್ಟಿಯಲ್ಲಿ 64 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 4080 ಎಂದೆಲ್ಲ ಇರುವುದನ್ನು ನೋಡಿ ಬಹಳ ಮಂದಿ ಮೊದಲು ಗ್ರಾಫಿಕ್ಸ್ ಕಾರ್ಡಿಗೇ ದುಡ್ಡು ಸುರಿಯುತ್ತಾರೆ. ನನ್ನ ಪ್ರಕಾರ ಸಾಲು ಬೇರೆಯೇ: ಮೊದಲು ಕೈಕಾಲಿಗೆ ಸಿಗುವ ನಿಯಂತ್ರಣಗಳು, ಆಮೇಲೆ ಕಣ್ಣು, ಆಮೇಲೆ ಪ್ಯಾನೆಲ್, ಕೊನೆಗೆ ಕಂಪ್ಯೂಟರ್. ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಇಲ್ಲದೆ, ಜಾಯ್‌ಸ್ಟಿಕ್ ತಿರುಚಿಕೊಂಡು ಅಡ್ಡಗಾಳಿಯಲ್ಲಿ ಇಳಿಸುವವರಿಗೆ ಮೋಡಗಳು ಎಷ್ಟು ಚೆಂದ ಕಂಡರೂ ವಿಮಾನ ಕೈಗೆ ಹತ್ತುವುದಿಲ್ಲ.

ಪೆಡಲ್ ವಿಷಯದಲ್ಲಿ ಕೊಳ್ಳುವಾಗ ನೋಡಬೇಕಾದದ್ದು ಸೆನ್ಸರ್. ಅಗ್ಗದವುಗಳಲ್ಲಿ ಪೊಟೆನ್ಶಿಯೋಮೀಟರ್, ಅಂದರೆ ಪಟ್ಟಿಯ ಮೇಲೆ ಉಜ್ಜಿಕೊಂಡು ಅಳೆಯುವ ಸೆನ್ಸರ್, ಇರುತ್ತದೆ. ಅದರ ಕಾರ್ಬನ್ ಪಟ್ಟಿಯ ಮೇಲೆ ಧೂಳು ಕೂತರೆ ಕಾಲು ಅಲುಗಾಡಿಸದಿದ್ದರೂ ಮೂಗು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಿಗಿಯುತ್ತದೆ. ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ 'ಜಾಯ್ ಡಾಟ್ ಸಿಪಿಎಲ್' ಎಂದು ಕೊಟ್ಟು ಪೆಡಲಿನ ಅಕ್ಷವನ್ನು, ಅಂದರೆ ಅದರ ಚಲನೆಯನ್ನು, ನಿಧಾನಕ್ಕೆ ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ಯಿರಿ. ಗೆರೆ ಎಲ್ಲಾದರೂ ಹಾರಿದರೆ ದೋಷ ಅಲ್ಲೇ. ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಸಿಂಪಡಿಸಿ, ಪೆಡಲನ್ನು ಮೂವತ್ತು ನಲವತ್ತು ಸಲ ಆಡಿಸಿ, ಒಣಗಲು ಬಿಡಿ. ಬಾಗಿಲ ಕೀಲಿಗೆ ಹಾಕುವ ಎಣ್ಣೆಯ ಸ್ಪ್ರೇ ಬೇಡ. ಎರಡು ದಿನ ಸರಿಯಿದ್ದು ಆಮೇಲೆ ಇನ್ನಷ್ಟು ಧೂಳು ಹಿಡಿಯುತ್ತದೆ. ಆಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇದ್ದರೆ ಈ ತಾಪತ್ರಯವೇ ಇಲ್ಲ, ಅಲ್ಲಿ ಉಜ್ಜಿಕೊಳ್ಳುವ ಭಾಗವೇ ಇರುವುದಿಲ್ಲ. ಥ್ರಸ್ಟ್‌ಮಾಸ್ಟರ್‌ನ ಟಿ.16000ಎಂ ಸ್ಟಿಕ್ಕು, ಅದೇ ಒಳಾಂಗದ ಏರ್‌ಬಸ್ ಆವೃತ್ತಿಯ ಸೈಡ್‌ಸ್ಟಿಕ್ಕು ಕೊಟ್ಟ ಬೆಲೆಗೆ ಹೆಚ್ಚು ಬಾಳಿಕೆ ಬರಲು ಇದೇ ಮುಖ್ಯ ಕಾರಣ. ಆದರೆ ಅದೇ ಸ್ಟಿಕ್ಕಿನ ಬುಡದ ಪುಟ್ಟ ಥ್ರಾಟಲ್ ಸ್ಲೈಡರ್ ಪೊಟೆನ್ಶಿಯೋಮೀಟರೇ. ಮೊದಲು ಸವೆಯುವುದೂ ಅದೇ.

ಪೆಡಲ್ ಜೋಡಿಸಿದ ಕೂಡಲೇ ಎರಡು ತೊಂದರೆ ಎದುರಾಗುತ್ತವೆ. ಮೊದಲನೆಯದು, ಸಿಮ್ ಪ್ರತಿ ಹೊಸ ಸಾಧನಕ್ಕೂ ತನ್ನದೇ ಡಿಫಾಲ್ಟ್ ಪ್ರೊಫೈಲ್ ಹಾಕಿಬಿಡುತ್ತದೆ. ಈಗ ರಡ್ಡರ್ ಅಕ್ಷ ಪೆಡಲಿನಲ್ಲೂ ಇದೆ, ಸ್ಟಿಕ್ಕಿನ ತಿರುಚಿನಲ್ಲೂ ಇದೆ. ಎರಡೂ ಜಗಳವಾಡಿ ವಿಮಾನ ಟ್ಯಾಕ್ಸಿಯಲ್ಲೇ ವಾಲಾಡುತ್ತದೆ. ಸ್ಟಿಕ್ಕಿನ ಪ್ರೊಫೈಲಿನಿಂದ ರಡ್ಡರ್ ಅಕ್ಷ ಅಳಿಸಿ. ಎರಡನೆಯದು, ಕಾಲ್ಬೆರಳಿನ ಬ್ರೇಕ್. ಒಮ್ಮೆಯೂ ಒತ್ತದ ಬ್ರೇಕ್ ಅಕ್ಷವನ್ನು ಸಿಮ್ ನಡುಮಧ್ಯದಲ್ಲಿದೆ ಎಂದೇ ಓದುತ್ತದೆ, ಅಂದರೆ ಅರ್ಧ ಬ್ರೇಕ್ ಹಿಡಿದೇ ಇರುತ್ತದೆ. ವಿಮಾನ ಲೋಡ್ ಆದಮೇಲೆ ಎರಡೂ ಬ್ರೇಕನ್ನು ಒಮ್ಮೆ ಪೂರ್ತಿ ಒತ್ತಿ ಬಿಡಿ. ಆಮೇಲೂ ಹಿಡಿದೇ ಇದ್ದರೆ ಅಕ್ಷ ತಲೆಕೆಳಗಾಗಿದೆ. 'ರಿವರ್ಸ್ ಆಕ್ಸಿಸ್' ಗುರುತು ಹಾಕಿ.

ಸೆನ್ಸಿಟಿವಿಟಿ (ಸ್ಟಿಕ್ಕು ಅಲುಗಿದಷ್ಟಕ್ಕೆ ವಿಮಾನ ಎಷ್ಟು ತಿರುಗಬೇಕು) ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಮೇಜಿನ ಮೇಲಿನ ಚಿಕ್ಕ ಸ್ಟಿಕ್ಕಿಗೆ ಮೈನಸ್ 30 ಶೇಕಡಾ ಸುತ್ತಮುತ್ತ, ಡೆಡ್‌ಝೋನ್ (ನಡುವೆ ಅಲುಗಿದರೂ ಲೆಕ್ಕಕ್ಕಿಲ್ಲದ ಜಾಗ) 3ರಿಂದ 5. ಉದ್ದಕ್ಕೆ ಚಲಿಸುವ ಯೋಕ್ (ಸ್ಟೀರಿಂಗ್‌ನಂಥ ಹಿಡಿ) ಇದ್ದರೆ ನೇರ ಗೆರೆಯೇ ಸರಿ. ಮೈನಸ್ 60, 70 ಎಂದು ಬಗ್ಗಿಸಿದರೆ ನಡುವೆ ಮೆತ್ತಗೆ, ತುದಿಯಲ್ಲಿ ಏಕಾಏಕಿ ಚುರುಕು. ಇಳಿಯುವ ಕ್ಷಣ ಮೂಗೆತ್ತುವ ಫ್ಲೇರ್ ಕೆಡುವುದು ಅಲ್ಲೇ.

ಏರ್‌ಬಸ್ ಹಾರಿಸುವವರು ಎಂಜಿನ್ ಶಕ್ತಿ ಹೊಂದಿಸುವ ಥ್ರಸ್ಟ್ ಲಿವರ್ ಕೊಂಡರೆ ಅದರ ಕ್ಯಾಲಿಬ್ರೇಷನ್ನಿಗೆ ಒಂದು ಸಂಜೆ ಎತ್ತಿಡಬೇಕು. ಲಿವರಿಗೆ ಐಡಲ್, ಸಿಎಲ್‌ಬಿ (ಏರುವಾಗಿನದು), ಎಫ್‌ಎಲ್‌ಎಕ್ಸ್ (ಕಡಿಮೆ ಶಕ್ತಿಯ ಟೇಕಾಫ್), ಟೋಗಾ (ಪೂರ್ಣ ಶಕ್ತಿ) ಎಂಬ ಕಚ್ಚುಗಳಿವೆ. ಕೈಗೆ ಕಚ್ಚು ತಾಗಿದರೂ ಸಿಮ್‌ಗೆ ಗೊತ್ತಾಗುವುದು ಮೈನಸ್ ಒಂದರಿಂದ ಪ್ಲಸ್ ಒಂದರ ನಡುವಿನ ಒಂದು ಸಂಖ್ಯೆ ಮಾತ್ರ. ಆಡ್‌ಆನ್‌ಗಳಾದ (ಸಿಮ್‌ಗೆ ಹೊರಗಿನವರು ಮಾಡಿದ ವಿಮಾನ) ಫ್ಲೈಬೈವೈರ್‌ನ ಉಚಿತ ಎ320ರಲ್ಲೂ, ಫೀನಿಕ್ಸ್‌ನ ಎ320ರಲ್ಲೂ ಕಾಕ್‌ಪಿಟ್ಟಿನ ಟ್ಯಾಬ್ಲೆಟ್ಟಿನೊಳಗೇ ಇದನ್ನು ಹೊಂದಿಸುವ ಪುಟ ಇದೆ. ಸಿಮ್‌ನ ಕಂಟ್ರೋಲ್ ಸೆಟ್ಟಿಂಗ್‌ನಲ್ಲಿ ಗೆರೆಯನ್ನು ನೇರವಾಗಿ, ಡೆಡ್‌ಝೋನ್ ಸೊನ್ನೆಯಾಗಿ ಬಿಟ್ಟು, ಮಿಕ್ಕ ಕೆಲಸ ಟ್ಯಾಬ್ಲೆಟ್ಟಿನಲ್ಲೇ ಮಾಡಿ. ಎರಡು ಕಡೆ ಕೈಯಾಡಿಸಿದರೆ ಯಾವುದು ಯಾವುದನ್ನು ಕೆಡಿಸಿತು ಎಂದು ಹುಡುಕುವುದೇ ಕೆಲಸವಾಗುತ್ತದೆ.

ಸಿಎಲ್‌ಬಿ ಕಚ್ಚಿನಲ್ಲಿ ಲಿವರ್ 0.42 ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಸೆನ್ಸರಿನ ನಡುಕದಿಂದ ಅದು 0.40ಕ್ಕೂ 0.44ಕ್ಕೂ ಓಲಾಡುತ್ತಿರುತ್ತದೆ. ಆ ಕಚ್ಚಿನ ಅಗಲವನ್ನು 0.01 ಎಂದು ಬಿಗಿಯಾಗಿ ಕೊಟ್ಟರೆ ಏರುತ್ತಿರುವಾಗ ಮುಖ್ಯ ತೆರೆಯ ಮೇಲ್ತುದಿಯ ಎಫ್‌ಎಂಎ ಪಟ್ಟಿಯಲ್ಲಿ 'ಎಲ್‌ವಿಆರ್ ಸಿಎಲ್‌ಬಿ' ಮಿಣುಕುತ್ತದೆ: ಲಿವರ್ ಕಚ್ಚಿನಿಂದ ಆಚೆ ಹೋಯಿತು ಎಂದು ವಿಮಾನ ನಂಬಿರುತ್ತದೆ. ಆಟೋಥ್ರಸ್ಟ್ (ಎಂಜಿನ್ ಶಕ್ತಿಯನ್ನು ತಾನಾಗಿ ಹೊಂದಿಸುವುದು) ಕೆಟ್ಟಿದೆ ಎಂದು ಆಡ್‌ಆನ್ ಮಾಡಿದವರನ್ನು ಬೈಯುವ ಮುನ್ನ ಅಗಲವನ್ನು 0.05ಕ್ಕೆ ಏರಿಸಿ ನೋಡಿ. ಪಕ್ಕದ ಕಚ್ಚಿನ ಅಗಲದೊಂದಿಗೆ ಮಾತ್ರ ಅದು ಮೇಲೆ ಬೀಳಬಾರದು. ಎರಡು ಲಿವರ್ ಇದ್ದರೆ ಎರಡಕ್ಕೂ ಬೇರೆ ಬೇರೆ ಅಳತೆ ತೆಗೆಯಿರಿ. ಒಂದೇ ಡಬ್ಬಿಯಲ್ಲಿ ಬಂದರೂ ಎರಡರ ಸಂಖ್ಯೆ ಒಂದೇ ಇರುವುದು ಅಪರೂಪ.

ಕಣ್ಣಿನ ವಿಷಯಕ್ಕೆ ಬಂದರೆ, ತಲೆ ತಿರುಗಿಸಿದಂತೆ ದೃಶ್ಯ ತಿರುಗುವ ಹೆಡ್ ಟ್ರ್ಯಾಕಿಂಗ್‌ಗೆ ಈಗ ಖರ್ಚೇ ಬೇಕಿಲ್ಲ. ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶದ ನ್ಯೂರಲ್‌ನೆಟ್ ಟ್ರ್ಯಾಕರ್ ಸಾಮಾನ್ಯ ವೆಬ್‌ಕ್ಯಾಮ್‌ನಲ್ಲೇ ಮುಖ ಹಿಡಿಯುತ್ತದೆ. ಔಟ್‌ಪುಟ್‌ನಲ್ಲಿ 'ಫ್ರೀಟ್ರ್ಯಾಕ್ 2.0 ಎನ್‌ಹ್ಯಾನ್ಸ್ಡ್' ಆರಿಸಿ. ಮ್ಯಾಪಿಂಗ್ ಗೆರೆಯ ನಡುವೆ ಐದಾರು ಡಿಗ್ರಿ ಚಪ್ಪಟೆಯಾಗಿ ಬಿಡಿ, ಇಲ್ಲದಿದ್ದರೆ ಉಸಿರಾಡಿದಾಗಲೂ ಪ್ಯಾನೆಲ್ ನಡುಗುತ್ತದೆ. ಮುಖದ ಮೇಲೆ ಬೆಳಕು ಬೇಕು, ಬೆನ್ನ ಹಿಂದೆ ಕಿಟಕಿ ಬೇಡ. ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಎಕ್ಸ್‌ಪೋಷರ್ ಹೆಚ್ಚಿಸಿಕೊಂಡು ಫ್ರೇಮ್ ಇಳಿಸುತ್ತದೆ, ದೃಶ್ಯ ತಡವಾಗಿ ಬೆನ್ನಟ್ಟುತ್ತದೆ. ಇನ್ಫ್ರಾರೆಡ್ ಬಳಸುವ ಟ್ರ್ಯಾಕ್‌ಐಆರ್ 5 ಸೆಕೆಂಡಿಗೆ 120 ಫ್ರೇಮ್ ಹಿಡಿಯುವುದರಿಂದ ಮೃದುವಾಗಿ ಓಡುತ್ತದೆ. ಅದಕ್ಕೆ ದುಡ್ಡು ಕೊಡುವುದು ಮೊದಲು ವೆಬ್‌ಕ್ಯಾಮ್‌ನಲ್ಲಿ ರೂಢಿಯಾದ ಮೇಲೆ.

ಇನ್ನು ಪ್ಯಾನೆಲ್. ವಿನ್‌ವಿಂಗ್‌ನಂಥವರು ಎ320ರ ಎಫ್‌ಸಿಯು (ವೇಗ, ದಿಕ್ಕು, ಎತ್ತರ ಕೊಡುವ ಗುಬುಟುಗಳ ಪ್ಯಾನೆಲ್), ಎಂಸಿಡಿಯು (ಹಾರುವ ದಾರಿ ತುಂಬುವ ಕೀಲಿಮಣೆ) ಎರಡನ್ನೂ ಸಿದ್ಧ ರೂಪದಲ್ಲೇ ಮಾರುತ್ತಾರೆ, ಚೆನ್ನಾಗಿಯೂ ಇವೆ. ಆದರೆ ಸೋಲ್ಡರಿಂಗ್ ಕಬ್ಬಿಣ ಹಿಡಿಯಲು ಬರುವವರಿಗೆ ಅದೇ ಎಫ್‌ಸಿಯುವಿನ ಜೀವಾಳವನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಬೇಕಾದದ್ದೆಲ್ಲ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಒಂದೇ ಓಟದಲ್ಲಿ ಸಿಗುತ್ತದೆ: ಆರ್ಡುಯಿನೋ ಮೆಗಾ 2560 (ಪುಟ್ಟ ನಿಯಂತ್ರಕ ಹಲಗೆ) ಒಂದು, ಕೆವೈ-040 ರೋಟರಿ ಎನ್‌ಕೋಡರ್ (ಕ್ಲಿಕ್ ಎನ್ನುತ್ತ ತಿರುಗುವ ಗುಬುಟು) ನಾಲ್ಕು, ಮ್ಯಾಕ್ಸ್7219 ಚಿಪ್ಪಿನ ಎಂಟಂಕಿ ಡಿಸ್‌ಪ್ಲೇ ಮೂರು, ಒತ್ತುಗುಂಡಿ ಆರು, 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಒಂದು, ಜಂಪರ್ ವೈರು. ಇದನ್ನೆಲ್ಲ ಸಿಮ್‌ಗೆ ಜೋಡಿಸುವ ತಂತ್ರಾಂಶ ಮೊಬಿಫ್ಲೈಟ್, ಉಚಿತ.

ಮೂರು ಡಿಸ್‌ಪ್ಲೇ ಯಾಕೆಂದರೆ ವೇಗಕ್ಕೆ 3 ಅಂಕಿ, ಹೆಡಿಂಗ್‌ಗೆ (ದಿಕ್ಕು) 3 ಅಂಕಿ ಸೇರಿ ಮೊದಲನೆಯದರಲ್ಲಿ ಮುಗಿಯುತ್ತದೆ. ಎತ್ತರಕ್ಕೆ 5 ಅಂಕಿ ಹೋದಮೇಲೆ ಉಳಿದ 3ರಲ್ಲಿ ವರ್ಟಿಕಲ್ ಸ್ಪೀಡಿನ (ಏರುವ ಇಳಿಯುವ ವೇಗ) 4 ಅಂಕಿ ಮತ್ತು ಮೈನಸ್ ಚಿಹ್ನೆ ಹಿಡಿಯುವುದಿಲ್ಲ. ಮೆಗಾ ಬದಲು ರಾಸ್ಪ್‌ಬೆರಿ ಪೈ ಪಿಕೋ ಹಾಕಿದರೆ ಅಗ್ಗ, ಮೊಬಿಫ್ಲೈಟ್ ಅದನ್ನೂ ಒಪ್ಪುತ್ತದೆ. ಆದರೆ ಪಿಕೋ ಕೊಡುವುದು 3.3 ವೋಲ್ಟ್, 5 ವೋಲ್ಟಿನಲ್ಲಿ ಓಡುವ ಮ್ಯಾಕ್ಸ್7219 'ಒಂದು' ಎಂದು ಒಪ್ಪಲು 3.5 ವೋಲ್ಟ್ ಕೇಳುತ್ತದೆ. ಮೇಜಿನ ಮೇಲೆ ಓಡುತ್ತದೆ, ಪ್ಯಾನೆಲ್ಲಿಗೆ ಹಾಕಿ ವೈರು ಉದ್ದವಾದಾಗ ಅಂಕಿಗಳು ಅಡ್ಡಾದಿಡ್ಡಿಯಾಗುತ್ತವೆ. ಈ ಕೆಲಸಕ್ಕೆ ಮೆಗಾವೇ ಇರಲಿ.

ಡಿಸ್‌ಪ್ಲೇಯ ಡಿಐಎನ್, ಸಿಎಸ್, ಸಿಎಲ್‌ಕೆ ಪಿನ್ನುಗಳು ಮೆಗಾದ ಯಾವ ಡಿಜಿಟಲ್ ಪಿನ್ನಿಗಾದರೂ ಹೋಗಬಹುದು, 0 ಮತ್ತು 1 ಬಿಟ್ಟು. ಅವೆರಡು ಕಂಪ್ಯೂಟರ್ ಜೊತೆಗಿನ ಮಾತಿಗೆ ಮೀಸಲು. ಎಲ್ಲ ಅಂಕಿಗಳೂ ಪೂರ್ಣ ಬೆಳಕಿನಲ್ಲಿ ಉರಿದರೆ ಒಂದೊಂದು ಮ್ಯಾಕ್ಸ್7219 ಸುಮಾರು 330 ಮಿಲಿಆಂಪಿಯರ್ ಎಳೆಯಬಲ್ಲದು. ಮೂರಕ್ಕೆ ಒಂದು ಆಂಪಿಯರ್. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್. ಆದ್ದರಿಂದ ಡಿಸ್‌ಪ್ಲೇಗಳಿಗೆ ಅಡಾಪ್ಟರಿನಿಂದಲೇ ಕರೆಂಟು ಕೊಡಿ, ಆದರೆ ಅಡಾಪ್ಟರಿನ ಗ್ರೌಂಡನ್ನು ಮೆಗಾದ ಗ್ರೌಂಡಿಗೆ ತಪ್ಪದೆ ಸೇರಿಸಿ. ಅದು ಸೇರದಿದ್ದರೆ ಡಿಸ್‌ಪ್ಲೇ ತೋರಿಸುವುದೆಲ್ಲ ಕಸ. ಪ್ರತಿ ಮಾಡ್ಯೂಲಿನ ವಿಸಿಸಿ ಮತ್ತು ಗ್ರೌಂಡ್ ನಡುವೆ 10 ಮೈಕ್ರೊಫ್ಯಾರಡ್ ಎಲೆಕ್ಟ್ರೋಲೈಟಿಕ್, ಜೊತೆಗೆ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ಆಗೀಗ 888 ಎಂದು ಮಿನುಗುವ ಕಾಯಿಲೆ ಬರುವುದಿಲ್ಲ.

ಎನ್‌ಕೋಡರಿನಲ್ಲಿ ಬಹುಪಾಲು ಮಂದಿ ಮುಗ್ಗರಿಸುವ ಜಾಗ ಒಂದಿದೆ. ಕೆವೈ-040 ಹಲಗೆಯ ಮೇಲೆ ಎರಡು 10 ಕಿಲೋಓಮ್ ರೆಸಿಸ್ಟರುಗಳಿವೆ, ಸಂಕೇತದ ಪಿನ್ನುಗಳಾದ ಸಿಎಲ್‌ಕೆ ಮತ್ತು ಡಿಟಿ ಎರಡನ್ನೂ ಪ್ಲಸ್ ಪಿನ್ನಿಗೆ ಎಳೆಯುತ್ತವೆ. ಮೊಬಿಫ್ಲೈಟ್ ಮೆಗಾದೊಳಗಿನ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) ಬಳಸುವುದರಿಂದ ಪ್ಲಸ್ ಪಿನ್ ಬೇಕಿಲ್ಲ ಎಂದು ಬಿಟ್ಟುಬಿಡುತ್ತಾರೆ. ಆಗ ಆ ಎರಡು ರೆಸಿಸ್ಟರುಗಳು ಸಿಎಲ್‌ಕೆಯನ್ನೂ ಡಿಟಿಯನ್ನೂ 20 ಕಿಲೋಓಮ್‌ನಲ್ಲಿ ಒಂದಕ್ಕೊಂದು ಕಟ್ಟಿಹಾಕುತ್ತವೆ. ಒಂದು ಕೆಳಗಿಳಿದರೆ ಇನ್ನೊಂದೂ ಎರಡು ವೋಲ್ಟಿನ ಹತ್ತಿರಕ್ಕೆ ಜಾರುತ್ತದೆ: ಸೊನ್ನೆಯೂ ಅಲ್ಲ, ಒಂದೂ ಅಲ್ಲ. ಗುಬುಟು ಬಲಕ್ಕೆ ತಿರುಗಿಸಿದರೆ ಹೆಡಿಂಗ್ ಮುಂದೆ ಎರಡು ಹೋಗಿ ಹಿಂದೆ ಒಂದು ಬರುವುದು ಇದಕ್ಕೇ. ಪ್ಲಸ್ ಪಿನ್ನನ್ನು 5 ವೋಲ್ಟಿಗೆ ಕೊಡಿ, ಇಲ್ಲವೇ ಆ ರೆಸಿಸ್ಟರುಗಳನ್ನೇ ಕಿತ್ತುಹಾಕಿ.

ಅದು ಸರಿಯಾದಮೇಲೂ ಒಂದು ಕ್ಲಿಕ್ಕಿಗೆ ಎರಡು ಡಿಗ್ರಿ ಹೋದರೆ, ಇಲ್ಲವೇ ಎರಡು ಕ್ಲಿಕ್ಕಿಗೆ ಒಂದು ಹೋದರೆ, ಮೊಬಿಫ್ಲೈಟ್‌ನಲ್ಲಿ ಎನ್‌ಕೋಡರ್ ಬಗೆ ತಪ್ಪಾಗಿದೆ. ಒಂದು ಸುತ್ತಿಗೆ 20 ಕ್ಲಿಕ್, 20 ಪಲ್ಸ್ ಇರುವುದಕ್ಕೆ 'ಒನ್ ಡಿಟೆಂಟ್ ಪರ್ ಸೈಕಲ್'. 30 ಕ್ಲಿಕ್, 15 ಪಲ್ಸ್ ಇರುವುದಕ್ಕೆ 'ಟೂ ಡಿಟೆಂಟ್ಸ್'. ಅಂಗಡಿಯಲ್ಲಿ ಎರಡೂ ಬೆರೆತಿರುತ್ತವೆ. ಗುಬುಟನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಕ್ಲಿಕ್ ಎಣಿಸಿ ನಾಲ್ಕೂ ಒಂದೇ ಬಗೆಯವನ್ನು ಆರಿಸಿಕೊಳ್ಳಿ. ಕುತ್ತಿಗೆಯಲ್ಲಿ ಮರೆ (ನಟ್ ಕೂರುವ ತಿರುಪಿನ ಸುತ್ತು) ಇದೆಯೇ ಎಂದೂ ನೋಡಿ. ಮರೆಯಿಲ್ಲದ್ದನ್ನು ಪ್ಯಾನೆಲ್ಲಿಗೆ ಬಿಗಿಯಲು ನಟ್ ಕೂರುವುದಿಲ್ಲ. ಮರೆ ಇರುವುದಕ್ಕೆ 3 ಮಿಲಿಮೀಟರ್ ಅಕ್ರಿಲಿಕ್ಕಿನಲ್ಲಿ 7 ಮಿಲಿಮೀಟರ್ ರಂಧ್ರ ಸಾಕು. ಡ್ರಿಲ್ ನಿಧಾನಕ್ಕೆ, ಕೆಳಗೆ ಮರದ ತುಂಡಿಟ್ಟು. ಇಲ್ಲದಿದ್ದರೆ ಅಕ್ರಿಲಿಕ್ ಸೀಳುತ್ತದೆ.

ನಿಜವಾದ ಎ320ರಲ್ಲಿ ಎಫ್‌ಸಿಯು ಗುಬುಟನ್ನು ಒತ್ತಿದರೆ ಮ್ಯಾನೇಜ್ಡ್ (ವಿಮಾನದ ಕಂಪ್ಯೂಟರ್ ಹೇಳಿದ್ದು), ಎಳೆದರೆ ಸೆಲೆಕ್ಟೆಡ್ (ಪೈಲಟ್ ಕೊಟ್ಟದ್ದು). ಕೆವೈ-040ರಲ್ಲಿ ಎಳೆಯಲು ಆಗುವುದಿಲ್ಲ. ಮೊಬಿಫ್ಲೈಟ್‌ನ ಗುಂಡಿ ಸಂರಚನೆಯಲ್ಲಿ 'ಆನ್ ರಿಲೀಸ್'ಗೆ ಪುಶ್ ಘಟನೆಯನ್ನೂ, 'ಆನ್ ಲಾಂಗ್ ರಿಲೀಸ್'ಗೆ ಪುಲ್ ಘಟನೆಯನ್ನೂ ಕೊಟ್ಟರೆ ತಟ್ಟಿ ಬಿಡುವುದು ಒಂದು, ಹಿಡಿದು ಬಿಡುವುದು ಇನ್ನೊಂದು. 'ಆನ್ ಪ್ರೆಸ್'ಗೆ ಏನನ್ನೂ ಕೊಡಬೇಡಿ, ಹಿಡಿಯಲು ಒತ್ತಿದ ಕ್ಷಣವೇ ಅದೂ ಓಡಿಬಿಡುತ್ತದೆ. ವಿಮಾನಕ್ಕೆ ತಕ್ಕ ಘಟನೆಗಳ ಹೆಸರು ಹುಡುಕಿ ಬರೆಯಬೇಕಿಲ್ಲ. ಸಿದ್ಧ ಘಟನೆಗಳ ಹಬ್‌ಹಾಪ್ ಪಟ್ಟಿಯಲ್ಲಿ ನಿಮ್ಮ ಆಡ್‌ಆನ್ ಮಾಡಿದವರನ್ನು ಫೀನಿಕ್ಸ್, ಫ್ಲೈಬೈವೈರ್, ಪಿಎಂಡಿಜಿ ಎಂದು ಆರಿಸಿದರೆ ಸಾಕು. ಹೆಡಿಂಗ್ 45 ಇದ್ದಾಗ 045 ಎಂದು ಕಾಣಲು ಡಿಸ್‌ಪ್ಲೇ ಪುಟದಲ್ಲಿ ಎಡಕ್ಕೆ ಸೊನ್ನೆ ತುಂಬುವ ಆಯ್ಕೆ ಹಾಕಿ.

ಇಷ್ಟೆಲ್ಲ ಸಾಧನ ಸೇರಿದಮೇಲೆ ಹಾರಾಟದ ನಡುವೆ ಯಾವುದೋ ಒಂದು ಕಡಿದುಹೋಗುವುದು ಶುರುವಾಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಅನುಮತಿಯ ಗುರುತನ್ನು ತೆಗೆಯಿರಿ. ಸ್ವಂತ ಅಡಾಪ್ಟರ್ ಇರುವ ಹಬ್ಬನ್ನೇ ಬಳಸಿ.

ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡುತ್ತಿದ್ದರೆ ಅದನ್ನು ಯುಪಿಎಸ್ ಮೋಡಿಗೆ ಹಾಕಿರಿ. ಸಾಮಾನ್ಯ ಮೋಡಿನಲ್ಲಿ ಕರೆಂಟು ಹೋದಾಗ ಬದಲಾಗುವ ಹೊತ್ತಿಗೆ ಫ್ಯಾನು ತಡೆದುಕೊಳ್ಳುತ್ತದೆ, ಕಂಪ್ಯೂಟರ್ ತಡೆಯುವುದಿಲ್ಲ.

ಈಗ ಕಂಪ್ಯೂಟರ್. ಡೆವಲಪರ್ ಮೋಡ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಪೆಟ್ಟಿಗೆ ತೆರೆದು, ನಿಮ್ಮ ಅತಿ ಭಾರದ ವಿಮಾನವನ್ನು ದೊಡ್ಡ ನಿಲ್ದಾಣದ ಗೇಟಿನಲ್ಲಿ ನಿಲ್ಲಿಸಿ ನೋಡಿ. 'ಲಿಮಿಟೆಡ್ ಬೈ ಮೇನ್‌ಥ್ರೆಡ್' ಎಂದರೆ ಅಡಚಣೆ ಪ್ರೊಸೆಸರಿನದು, ಹೊಸ ಗ್ರಾಫಿಕ್ಸ್ ಕಾರ್ಡ್ ಅಲ್ಲಿ ಏನೂ ಮಾಡಲಾರದು. ಏರ್‌ಲೈನರ್ ಆಡ್‌ಆನ್‌ಗಳಲ್ಲಿ ಕಾಣುವುದು ಬಹುತೇಕ ಇದೇ. ಎಎಂಡಿಯ ಎಎಂ4 ಸಾಕೆಟ್ಟಿನ ಮದರ್‌ಬೋರ್ಡ್ ಇದ್ದವರಿಗೆ ಒಳ್ಳೆಯ ದಾರಿಯೊಂದಿದೆ: ಬಯೋಸ್ ಅಪ್‌ಡೇಟ್ ಮಾಡಿ ರೈಝೆನ್ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಕೂರಿಸುವುದು. ಎರಡರಲ್ಲೂ 96 ಎಂಬಿ ಎಲ್3 ಕ್ಯಾಶ್ ಇದೆ, ಸಿಮ್‌ಗೆ ಗಿಗಾಹರ್ಟ್ಸ್‌ಗಿಂತ ಅದು ಹೆಚ್ಚು ಹಿಡಿಸುತ್ತದೆ. ಬಯೋಸ್ ಅಪ್‌ಡೇಟ್ ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಆಗಬೇಕು. ಮುಗಿದಮೇಲೆ ರ‍್ಯಾಮಿನ ಎಕ್ಸ್‌ಎಂಪಿ (ಪೂರ್ಣ ವೇಗದ) ಆಯ್ಕೆ ಆರಿಹೋಗಿರುತ್ತದೆ, ಮತ್ತೆ ಹಾಕಿ. ದುಡ್ಡು ಕೊಡದೆ ಸಿಗುವುದೂ ಇದೆ: ಟೆರೇನ್ ಎಲ್‌ಒಡಿ (ದೂರದ ನೆಲದ ವಿವರ) 200ರಿಂದ 100ಕ್ಕೆ ಇಳಿಸಿ, ಎಐ ಟ್ರಾಫಿಕ್ ಅರ್ಧ ಮಾಡಿ. ಟಾಸ್ಕ್ ಮ್ಯಾನೇಜರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಮೀಸಲು ಮೆಮೊರಿ ತುಂಬಿ 'ಶೇರ್ಡ್' ಏರುತ್ತಿದ್ದರೆ ಟೆಕ್ಸ್‌ಚರನ್ನು ಒಂದು ಮೆಟ್ಟಿಲು ಇಳಿಸಿ. ತಿರುವಿನಲ್ಲಿ ಜಗ್ಗುವುದು ನಿಲ್ಲುತ್ತದೆ.

ಹೋಲಿಸಿ ನೋಡಲು ಒಂದೇ ಹಾರಾಟ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಮಂಗಳೂರು ಇದಕ್ಕೆ ಹೇಳಿ ಮಾಡಿಸಿದ್ದು: ಸುಮಾರು 3,000 ಅಡಿಯ ನಿಲ್ದಾಣದಿಂದ ಹೊರಟು, ಘಟ್ಟ ದಾಟಿ, 2,450 ಮೀಟರಿನ ಟೇಬಲ್‌ಟಾಪ್ ರನ್‌ವೇ 24ಕ್ಕೆ ಇಳಿಯುವುದು. ಪೆಡಲ್, ಥ್ರಸ್ಟ್ ಲಿವರ್, ಎಫ್‌ಸಿಯು ಮೂರಕ್ಕೂ ಕೆಲಸವಿದೆ. ಹವಾಮಾನ ಲೈವ್ ಬೇಡ, ಸಿದ್ಧ ಆಯ್ಕೆಯೊಂದನ್ನು ಹಾಕಿ. ಇಲ್ಲದಿದ್ದರೆ ಮೋಡ ಬದಲಾಗಿ ಫ್ರೇಮ್ ಏರಿದ್ದೋ, ಪ್ರೊಸೆಸರಿನಿಂದ ಏರಿದ್ದೋ ತಿಳಿಯುವುದಿಲ್ಲ.

ನ್ಯಾವಿಗೇಷನ್ ಡೇಟಾ 28 ದಿನಕ್ಕೊಮ್ಮೆ ಬದಲಾಗುತ್ತದೆ. ಹಾರಾಟದ ಯೋಜನೆ ಮಾಡಿಕೊಡುವ ಸಿಮ್‌ಬ್ರೀಫ್ ಉಚಿತ, ಆದರೆ ಈ ಡೇಟಾ ಕೊಡುವ ನ್ಯಾವಿಗ್ರಾಫ್‌ನ ಚಂದಾ ಇಲ್ಲದಿದ್ದರೆ ಅದು ಹಳೆಯ ಸೈಕಲ್ಲಿನಲ್ಲೇ (28 ದಿನದ ಆವೃತ್ತಿ) ದಾರಿ ಕೊಡುತ್ತದೆ. ಆ ದಾರಿಯನ್ನು ಎಂಸಿಡಿಯುವಿಗೆ ಹಾಕಿದಾಗ 'ನಾಟ್ ಇನ್ ಡೇಟಾ ಬೇಸ್' ಬಂದರೆ ನಿಮ್ಮ ಬೆರಳಿನ ತಪ್ಪಲ್ಲ, ಎರಡರ ಸೈಕಲ್ ಬೇರೆ.

ಆಡ್‌ಆನ್‌ಗಳೆಲ್ಲ ಕಮ್ಯೂನಿಟಿ ಫೋಲ್ಡರಿನಲ್ಲಿ ಕೂರುತ್ತವೆ. ಅದು ಎಲ್ಲಿದೆ ಎಂದು ಸಿಗದಿದ್ದರೆ ಯೂಸರ್‌ಸಿಎಫ್‌ಜಿ ಡಾಟ್ ಆಪ್ಟ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಕೊನೆಯ ಸಾಲಿನಲ್ಲಿ ದಾರಿ ಬರೆದಿರುತ್ತದೆ. ಸಿಮ್‌ನ ದೊಡ್ಡ ಅಪ್‌ಡೇಟ್ ಬರುವ ಮುನ್ನ ಈ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು, ಅದೇ ಹಳೆಯ ಹೆಸರಿನ ಖಾಲಿ ಫೋಲ್ಡರ್ ಮಾಡಿಡಿ. ಅಪ್‌ಡೇಟ್ ಮುಗಿದು ಸಿಮ್ ಖಾಲಿಯಾಗಿ ಸರಿಯಾಗಿ ಓಡಿದಮೇಲೆ ಅರ್ಧ ಆಡ್‌ಆನ್‌ಗಳನ್ನು ವಾಪಸ್ ಹಾಕಿ. ಸಿಮ್ ಬಿದ್ದರೆ ದೋಷಿ ಆ ಅರ್ಧದಲ್ಲಿದೆ, ಬೀಳದಿದ್ದರೆ ಉಳಿದದ್ದರಲ್ಲಿ. ಅದನ್ನೇ ಮತ್ತೆ ಅರ್ಧ ಮಾಡುತ್ತ ಹೋದರೆ 64 ಆಡ್‌ಆನ್ ಇದ್ದರೂ ಆರು ಸಲಕ್ಕೆ ಸಿಕ್ಕಿಬೀಳುತ್ತದೆ.