ಟ್ಯುಟೋರಿಯಲ್ ಕೂಡ ಕೋಡ್, ಅದನ್ನೂ ಓಡಿಸಿ ನೋಡಬೇಕು

ಹಲವರು ಸೇರಿ ಬೆಳೆಸುತ್ತಿರುವ ಒಂದು ಪೈಥಾನ್ ರೆಪೊಸಿಟರಿಯಲ್ಲಿ (ಕೋಡ್ ಮತ್ತು ಅದರ ಇತಿಹಾಸ ಇಡುವ ಜಾಗ) ಟ್ಯುಟೋರಿಯಲ್ ಫೋಲ್ಡರ್ ನೋಡಿಕೊಳ್ಳುವ ಕೆಲಸ ನನ್ನದು. ಯಾರಾದರೂ ಹೊಸ ಟ್ಯುಟೋರಿಯಲ್ ಬರೆದು ಪುಲ್ ರಿಕ್ವೆಸ್ಟ್ (ಇದನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದರೆ ನಾನು ಮೊದಲು ಅದನ್ನು ಪೂರ್ತಿ ಓದುವುದಿಲ್ಲ. ಏನೂ ಇನ್‌ಸ್ಟಾಲ್ ಆಗಿರದ ಕಂಟೇನರ್ (ಕಂಪ್ಯೂಟರಿನೊಳಗಿನ ಪ್ರತ್ಯೇಕ ಪರಿಸರ) ತೆರೆದು, ಮೊದಲ ಕಮಾಂಡ್‌ನಿಂದ ಕೊನೆಯವರೆಗೆ ಒಂದೊಂದನ್ನೇ ಕಾಪಿ ಮಾಡಿ ಓಡಿಸುತ್ತೇನೆ. ಅದು ದಡ ಮುಟ್ಟಿದ ಮೇಲೆ ಭಾಷೆ, ವಿವರಣೆ, ತಲೆಬರಹದ ಮಾತು.

ಈ ಕ್ರಮಕ್ಕೆ ಕಾರಣ ಇದೆ. ಕೋಡ್ ಬರೆದು ಪಳಗಿದವರಿಗೆ ಮೂರನೇ ಹೆಜ್ಜೆಯಲ್ಲಿ ಎರರ್ ಬಂದರೆ, ಟ್ಯುಟೋರಿಯಲ್ ಹಳೆಯದಾಗಿದೆ ಅಂದುಕೊಂಡು ಮುಂದೆ ಹೋಗುತ್ತಾರೆ. ಹೊಸಬರು ಹಾಗೆ ಅಂದುಕೊಳ್ಳುವುದಿಲ್ಲ. ತಪ್ಪು ತಮ್ಮದೇ ಇರಬೇಕು, ಇದೆಲ್ಲ ತಮಗೆ ಆಗಿಬರುವುದಿಲ್ಲ ಅನ್ನುವ ತೀರ್ಮಾನಕ್ಕೆ ಬಂದು ಕಿಟಕಿ ಮುಚ್ಚುತ್ತಾರೆ. ಅವರು ನಮಗೆ ಇಶ್ಯೂ (ತೊಂದರೆಯ ದೂರು) ಕೂಡ ಬರೆಯುವುದಿಲ್ಲ. ಹಾಗೆ ಹೋದವರು ಎಷ್ಟು ಜನ ಅಂತ ನಮಗೆ ಯಾವತ್ತೂ ಗೊತ್ತಾಗುವುದೇ ಇಲ್ಲ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ಸಂಗತಿ ಇದು.

ಬರೆದ ದಿನ ಸರಿಯಾಗಿದ್ದ ಟ್ಯುಟೋರಿಯಲ್ ಯಾರೂ ಮುಟ್ಟದೆಯೂ ಕೆಡುತ್ತದೆ. ಪೈಥಾನ್‌ನ ಲೆಕ್ಕಾಚಾರದ ಲೈಬ್ರರಿ ನಂಪೈನಲ್ಲಿ ದಶಮಾಂಶ ಸಂಖ್ಯೆಯ ಬಗೆಯನ್ನು ಎನ್‌ಪಿ ಡಾಟ್ ಫ್ಲೋಟ್ ಅಂತ ಬರೆಯುವ ರೂಢಿ ಎಷ್ಟು ಹಬ್ಬಿತ್ತು ಅಲ್ವಾ? 2021ರ ಜನವರಿಯಲ್ಲಿ ಬಂದ 1.20 ಆವೃತ್ತಿ ಅದಕ್ಕೆ ಎಚ್ಚರಿಕೆ ಕೊಡಲು ಶುರುಮಾಡಿತು. 2022ರ ಡಿಸೆಂಬರಿನಲ್ಲಿ ಬಂದ 1.24 ಅದನ್ನು ತೆಗೆದೇ ಹಾಕಿತು. ಅದೇ ತಿಂಗಳು ಮಷೀನ್ ಲರ್ನಿಂಗ್ ಲೈಬ್ರರಿ ಸೈಕಿಟ್ ಲರ್ನ್‌ನ 1.2 ಆವೃತ್ತಿ ಬಾಸ್ಟನ್ ಮನೆ ಬೆಲೆಗಳ ಡೇಟಾಸೆಟ್ ಅನ್ನು ಕೈಬಿಟ್ಟಿತು. ಅದರಲ್ಲಿ ಜನಾಂಗದ ಆಧಾರದ ಮೇಲೆ ಕಟ್ಟಿದ ಒಂದು ಕಾಲಂ ಇತ್ತು, ತೆಗೆದಿದ್ದು ಸರಿಯೇ. ಆದರೆ ಲೀನಿಯರ್ ರಿಗ್ರೆಶನ್ ಕಲಿಸುವ ಅಸಂಖ್ಯ ಪಾಠಗಳು ಅದರ ಮೇಲೇ ನಿಂತಿದ್ದವು. 2023ರ ಏಪ್ರಿಲ್‌ನಲ್ಲಿ ಕೋಷ್ಟಕಗಳ ಲೈಬ್ರರಿ ಪಾಂಡಾಸ್ 2.0 ಬಂದಾಗ ಡೇಟಾಫ್ರೇಮ್‌ನ ಅಪೆಂಡ್ (ಸಾಲು ಸೇರಿಸುವ ವಿಧಾನ) ಹೋಯಿತು. ಈ ಬದಲಾವಣೆಗಳಿಗೆಲ್ಲ ಮುಂಚೆಯೇ ಎಚ್ಚರಿಕೆ ಇತ್ತು. ಆದರೆ ಎಚ್ಚರಿಕೆ ಕಾಣುವುದು ಓಡಿಸಿದವರಿಗೆ ಮಾತ್ರ. ಓಡಿಸದೆ ಇಟ್ಟ ಪಾಠ ಸುಮ್ನೆ ಕೂತಿರುತ್ತದೆ.

ಜುಪಿಟರ್ ನೋಟ್‌ಬುಕ್ (ವಿವರಣೆ ಮತ್ತು ಕೋಡ್ ಸೆಲ್ ಅನ್ನುವ ತುಂಡುಗಳಲ್ಲಿ ಇರುವ ಫೈಲ್) ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮಗೆ ಬರುವ ಪಾಠಗಳಲ್ಲಿ ಹೆಚ್ಚಿನವು ಅದೇ ರೂಪದಲ್ಲಿರುತ್ತವೆ. ಬರೆಯುವವರು ಮೇಲಿನ ಸೆಲ್ ತಿದ್ದುತ್ತಾರೆ, ಕೆಳಗಿನದನ್ನು ಓಡಿಸುತ್ತಾರೆ, ನಡುವಿನ ಒಂದನ್ನು ಅಳಿಸುತ್ತಾರೆ. ಅಳಿಸಿದ ಸೆಲ್‌ನಲ್ಲಿ ಹುಟ್ಟಿದ ವೇರಿಯೇಬಲ್ ಮಾತ್ರ ಕೋಡ್ ಓಡಿಸುವ ಪ್ರೋಗ್ರಾಂ ಆದ ಕರ್ನಲ್‌ನ ನೆನಪಿನಲ್ಲಿ ಉಳಿದಿರುತ್ತದೆ. ಹಾಗಾಗಿ ಅವರ ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಓಡುತ್ತದೆ. ಓದುಗರು ಮೇಲಿನಿಂದ ಶುರುಮಾಡಿದರೆ ಆ ಹೆಸರೇ ಗೊತ್ತಿಲ್ಲ ಅನ್ನುತ್ತದೆ. ಸೆಲ್‌ಗಳ ಪಕ್ಕದ ಚೌಕ ಆವರಣದ ಅಂಕಿಗಳನ್ನು ನೋಡಿದರೆ ಸಾಕು, ಒಂದು, ಎರಡು, ಮೂರು ಅಂತ ಸಾಲಾಗಿರದೆ ನಲವತ್ತರ ನಂತರ ಹನ್ನೆರಡು ಬಂದಿದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಕಳಿಸುವ ಮುಂಚೆ ಕರ್ನಲ್ ರೀಸ್ಟಾರ್ಟ್ ಮಾಡಿ ಎಲ್ಲ ಸೆಲ್ ಓಡಿಸಿ ಅಂತ ನಮ್ಮ ನಿಯಮಗಳಲ್ಲಿ ಬರೆದಿದ್ದೇವೆ. ಅದರ ಮೇಲೆ ನೋಟ್‌ಬುಕ್ ಓಡಿಸುವ ಸಾಧನ ಎನ್‌ಬಿ ಕನ್ವರ್ಟ್ ಮತ್ತೊಮ್ಮೆ ಹೊಸ ಕರ್ನಲ್‌ನಲ್ಲಿ ಪೂರ್ತಿ ಓಡಿಸುತ್ತದೆ.

ನೋಟ್‌ಬುಕ್ ಫೈಲ್ ಒಳಗೆ ಜೇಸನ್ ಅನ್ನುವ ಪಠ್ಯ ರೂಪದಲ್ಲಿರುತ್ತದೆ. ಔಟ್‌ಪುಟ್, ಚಿತ್ರ ಎಲ್ಲ ಅದರೊಳಗೇ ತುಂಬಿಕೊಳ್ಳುತ್ತವೆ. ಒಂದು ಸಾಲು ತಿದ್ದಿದರೂ ಹಳೆಯದು ಹೊಸದರ ವ್ಯತ್ಯಾಸ ತೋರಿಸುವ ಗಿಟ್ ಡಿಫ್‌ನಲ್ಲಿ ಪುಟಗಟ್ಟಲೆ ಬದಲಾವಣೆ ಕಾಣುತ್ತದೆ, ರಿವ್ಯೂ ಮಾಡುವವರ ಕಣ್ಣು ಸೋಲುತ್ತದೆ. ಅದಕ್ಕೆ ನಾವು ಔಟ್‌ಪುಟ್ ತೆಗೆದೇ ಕಮಿಟ್ ಮಾಡುತ್ತೇವೆ, ಪುಟ ಕಟ್ಟುವಾಗ ಮತ್ತೆ ಓಡಿಸಿ ಸೇರಿಸುತ್ತೇವೆ. ಇದರಿಂದ ಇನ್ನೊಂದು ಲಾಭ ಇದೆ. ಓದುಗರು ನೋಡುವ ಔಟ್‌ಪುಟ್ ಈಗಿನ ಕೋಡ್‌ನಿಂದಲೇ ಬಂದದ್ದು, ಯಾರೋ ಯಾವತ್ತೋ ಅಂಟಿಸಿದ್ದಲ್ಲ.

ಓಡಿಸುವುದನ್ನು ಯಂತ್ರಕ್ಕೆ ಬಿಡುವ ಯೋಚನೆ ಹೊಸದಲ್ಲ. ಪೈಥಾನ್‌ನ ಡಾಕ್‌ಟೆಸ್ಟ್ 2001ರ 2.1 ಆವೃತ್ತಿಯಿಂದಲೂ ಜೊತೆಗೇ ಬರುತ್ತಿದೆ. ವಿವರಣೆಯ ನಡುವೆ ಬರೆದ ಉದಾಹರಣೆಯನ್ನು ಅದು ಓಡಿಸಿ, ಕೆಳಗೆ ಬರೆದ ಉತ್ತರದ ಜೊತೆ ಹೋಲಿಸುತ್ತದೆ. ರಸ್ಟ್‌ನಲ್ಲಿ ಕಾರ್ಗೋ ಟೆಸ್ಟ್ ಅಂದರೆ ಲೈಬ್ರರಿಯ ಡಾಕ್ಯುಮೆಂಟೇಶನ್ ಕಾಮೆಂಟ್‌ಗಳಲ್ಲಿರುವ ಕೋಡ್ ಕೂಡ ಓಡುತ್ತದೆ. ಗೋ ಭಾಷೆಯಲ್ಲಿ ಎಕ್ಸಾಂಪಲ್ ಫಂಕ್ಷನ್ ಬರೆದು ಕೊನೆಗೆ ಔಟ್‌ಪುಟ್ ಅಂತ ಕಾಮೆಂಟ್ ಹಾಕಿದರೆ ಗೋ ಟೆಸ್ಟ್ ಅದನ್ನು ಪರೀಕ್ಷಿಸುತ್ತದೆ. ಈ ಮೂರರಲ್ಲಿ ನನಗೆ ಗೋದ ದಾರಿ ತುಂಬ ಇಷ್ಟ, ಟೆಸ್ಟ್ ಮತ್ತು ಪಾಠ ಎರಡೂ ಒಂದೇ ಫಂಕ್ಷನ್ ಆಗಿರುತ್ತವೆ.

ಆದರೆ ಏನನ್ನು ಹೋಲಿಸಬೇಕು ಅನ್ನುವುದರಲ್ಲಿ ವಿವೇಕ ಬೇಕು. ಸೆಟ್ (ಕ್ರಮವಿಲ್ಲದ ಗುಂಪು) ಒಂದನ್ನು ಪ್ರಿಂಟ್ ಮಾಡಿದರೆ ಕ್ರಮ ಓಡಿಸಿದಷ್ಟು ಸಲ ಬೇರೆಯಾಗಬಹುದು, ಸ್ಟ್ರಿಂಗ್‌ಗಳ ಹ್ಯಾಶ್ (ಅವುಗಳ ಜಾಗ ನಿರ್ಧರಿಸುವ ಸಂಖ್ಯೆ) ಪ್ರತಿ ಸಲ ಬದಲಾಗುತ್ತದಲ್ಲ. ಸಾರ್ಟ್ ಮಾಡಿ ತೋರಿಸಿದರೆ ತೊಂದರೆ ಮುಗಿಯಿತು. ರ‍್ಯಾಂಡಮ್ ಸಂಖ್ಯೆಗೆ ಸೀಡ್ (ಶುರುವಿನ ಸಂಖ್ಯೆ) ಕೊಟ್ಟರೆ ಸಾಕು ಅಂತ ತುಂಬ ಜನ ನಂಬಿದ್ದಾರೆ. ಸೀಡ್ ಬೇಕು ನಿಜ, ಆದರೆ ನಂಪೈನ ಹೊಸ ಜನರೇಟರ್ ಆವೃತ್ತಿಯಿಂದ ಆವೃತ್ತಿಗೆ ಅದೇ ಸಂಖ್ಯೆ ಕೊಡುತ್ತೇನೆ ಅಂತ ಮಾತು ಕೊಟ್ಟಿಲ್ಲ. ಹಾಗಾಗಿ ಮಾಡೆಲ್‌ನ ನಿಖರತೆಯನ್ನು ದಶಮಾಂಶದ ಕೊನೆಯ ಅಂಕಿಯವರೆಗೆ ಹೋಲಿಸಬೇಡಿ, ಇಷ್ಟಕ್ಕಿಂತ ಮೇಲಿದೆಯಾ ಅಂತ ಕೇಳಿ. ಪಾಠದಲ್ಲೂ ನಿಮ್ಮ ಸಂಖ್ಯೆ ಸ್ವಲ್ಪ ಬೇರೆ ಬರಬಹುದು ಅಂತ ಒಂದು ಸಾಲು ಹಾಕಿ. ಆ ಒಂದು ಸಾಲು ಓದುಗರ ದೊಡ್ಡ ಗಾಬರಿಯನ್ನು ತಪ್ಪಿಸುತ್ತದೆ. ಇಂಟರ್ನೆಟ್‌ನಿಂದ ಎಳೆದುಕೊಳ್ಳುವ ದೊಡ್ಡ ಡೇಟಾ ಬೇಡವೇ ಬೇಡ, ಚಿಕ್ಕ ಫೈಲ್ ಒಂದನ್ನು ರೆಪೊದಲ್ಲೇ ಇಟ್ಟರೆ ಒಳ್ಳೆಯದು.

ನಮ್ಮಲ್ಲಿ ಟೆಸ್ಟ್ ಎರಡು ರೀತಿ ಓಡುತ್ತದೆ. ಪುಲ್ ರಿಕ್ವೆಸ್ಟ್ ಬಂದಾಗಲೆಲ್ಲ ಆವೃತ್ತಿಗಳನ್ನು ಬಿಗಿಮಾಡಿದ ಲಾಕ್ ಫೈಲ್‌ನ ಮೇಲೆ ಒಂದು. ವಾರಕ್ಕೊಮ್ಮೆ ಎಲ್ಲ ಲೈಬ್ರರಿಗಳ ಹೊಚ್ಚಹೊಸ ಆವೃತ್ತಿಯ ಮೇಲೆ ಇನ್ನೊಂದು. ಮೊದಲನೆಯದು ನಮ್ಮ ತಿದ್ದುಪಡಿ ಏನನ್ನೂ ಕೆಡಿಸಿಲ್ಲ ಅಂತ ಹೇಳುತ್ತದೆ. ಎರಡನೆಯದು ಹೊರಗಿನ ಪ್ರಪಂಚ ಬದಲಾಗಿದ್ದನ್ನು ತಿಳಿಸುತ್ತದೆ, ಅದೂ ಓದುಗರಿಗಿಂತ ಮುಂಚೆ ನಮಗೆ. ಒಂದು ಎಚ್ಚರಿಕೆ: ಸಾರ್ವಜನಿಕ ರೆಪೊದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ರೆಪೊ ಇಡುವ ತಾಣ ಗಿಟ್‌ಹಬ್ ಇಂಥ ವೇಳಾಪಟ್ಟಿಯ ಓಟವನ್ನು ತಾನಾಗಿಯೇ ನಿಲ್ಲಿಸುತ್ತದೆ. ಯಾರೂ ಮುಟ್ಟದ ರೆಪೊಗೇ ಈ ಕಾವಲು ಬೇಕಾಗಿರುವುದು, ಅಲ್ಲೇ ಅದು ನಿಂತುಹೋಗುತ್ತದೆ.

ಇಷ್ಟೆಲ್ಲ ಹಸಿರು ಟಿಕ್ ಬಂದರೂ ಪಾಠ ಅರ್ಥವಾಗುತ್ತದೆ ಅಂತ ಏನೂ ಇಲ್ಲ. ಅದನ್ನು ಯಂತ್ರ ಹೇಳಲಾರದು. ಅದಕ್ಕೆ ಆ ಲೈಬ್ರರಿ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ನಾನು ಪಕ್ಕದಲ್ಲಿ ಬಾಯಿ ಬಿಡದೆ ನೋಡುತ್ತೇನೆ. ಸಹಾಯ ಮಾಡದೆ ಕೂರುವುದು ಕಷ್ಟ, ನಿಜವಾಗಿಯೂ ಕಷ್ಟ. ಆದರೆ ಅವರು ಎಲ್ಲಿ ಹಿಂದಕ್ಕೆ ಸ್ಕ್ರೋಲ್ ಮಾಡಿದರು, ಯಾವ ಸಾಲನ್ನು ಓದದೆ ಹಾರಿದರು, ಕಮಾಂಡ್ ಯಾವ ಫೋಲ್ಡರ್‌ನಲ್ಲಿ ಟೈಪ್ ಮಾಡಬೇಕು ಅಂತ ಎಲ್ಲಿ ಹುಡುಕಿದರು, ಇದನ್ನು ಬೇರೆ ಯಾವ ದಾರಿಯಿಂದಲೂ ತಿಳಿಯಲಾಗದು. ಕಮಾಂಡ್‌ನ ಮುಂದೆ ಬರೆಯುವ ಡಾಲರ್ ಚಿಹ್ನೆ ಸಮೇತ ಕಾಪಿ ಮಾಡಿ ಕಮಾಂಡ್ ಸಿಗಲಿಲ್ಲ ಅನ್ನುವ ಎರರ್ ನೋಡುವವರು ಈಗಲೂ ಇದ್ದಾರೆ. ಅದಕ್ಕೇ ನಮ್ಮ ಪಾಠಗಳಲ್ಲಿ ಆ ಚಿಹ್ನೆ ಇಲ್ಲ.

ಹೀಗೆ ನೋಡಿ ನೋಡಿ ಕೆಲವು ಅಭಿಪ್ರಾಯ ಗಟ್ಟಿಯಾಗಿವೆ. ಟ್ಯುಟೋರಿಯಲ್‌ನಲ್ಲಿ ಒಂದೇ ದಾರಿ ಇರಲಿ. ಇನ್‌ಸ್ಟಾಲ್ ಮಾಡುವುದನ್ನು ಪಿಪ್‌ನಿಂದಲೂ ಮಾಡಬಹುದು, ಕಾಂಡಾದಿಂದಲೂ ಮಾಡಬಹುದು ಅಂದ ತಕ್ಷಣ ಹೊಸಬರು ಅಲ್ಲೇ ನಿಲ್ಲುತ್ತಾರೆ, ಆಯ್ಕೆ ಮಾಡುವಷ್ಟು ತಿಳುವಳಿಕೆ ಬಂದಿದ್ದರೆ ಈ ಪಾಠವೇ ಬೇಕಿರಲಿಲ್ಲ. ಎಲ್ಲ ಆಯ್ಕೆಗಳಿಗೆ ರೆಫರೆನ್ಸ್ ಪುಟ ಇದೆ. ಪ್ರತಿ ಹೆಜ್ಜೆಯ ನಂತರ ಪರದೆಯ ಮೇಲೆ ಏನು ಕಾಣಬೇಕು ಅಂತ ತೋರಿಸಿ, ಸರಿದಾರಿಯಲ್ಲಿ ಇದ್ದೇವೆ ಅಂತ ಓದುಗರಿಗೆ ಗೊತ್ತಾಗಲಿ. "ಸುಲಭವಾಗಿ", "ಸುಮ್ನೆ ಇಷ್ಟು ಮಾಡಿ" ಇಂಥ ಮಾತು ಕಂಡರೆ ತೆಗೆಯುತ್ತೇನೆ. ಸಿಕ್ಕಿಹಾಕಿಕೊಂಡವರಿಗೆ ಅದು ಚುಚ್ಚುತ್ತದೆ. ಸ್ಕ್ರೀನ್‌ಶಾಟ್ ಆದಷ್ಟು ಕಡಿಮೆ ಇರಲಿ, ಅದನ್ನು ಯಾವ ಟೆಸ್ಟ್ ಕೂಡ ಓಡಿಸಲಾರದು.

ಕೆಟ್ಟುಹೋದ ಪಾಠಗಳ ಗತಿ ಏನು ಅಂತ ಹೊಸದಾಗಿ ಸೇರಿದವರು ಕೇಳುತ್ತಾರೆ. ಪ್ರತಿ ಪಾಠದ ತಲೆಯಲ್ಲಿ ನೋಡಿಕೊಳ್ಳುವವರ ಹೆಸರು ಇರುತ್ತದೆ, ವಾರದ ಓಟ ಸೋತರೆ ಅವರಿಗೆ ಇಶ್ಯೂ ಹೋಗುತ್ತದೆ. ಅವರಿಗೆ ಬಿಡುವಿಲ್ಲದಿದ್ದರೆ ಬೇರೆಯವರು ಎತ್ತಿಕೊಳ್ಳಬಹುದು. ಮುಂದಿನ ಬಿಡುಗಡೆಯವರೆಗೂ ಯಾರೂ ಬಾರದಿದ್ದರೆ ಆ ಪಾಠವನ್ನು ತೆಗೆಯುತ್ತೇವೆ, ಎಷ್ಟೇ ಚೆನ್ನಾಗಿ ಬರೆದಿದ್ದರೂ ಸರಿ. ಬರೆದವರಿಗೆ ಬೇಜಾರಾಗುತ್ತದೆ, ಅದು ನನಗೆ ಅರ್ಥವಾಗುತ್ತದೆ. ಗಿಟ್‌ನ ಇತಿಹಾಸದಲ್ಲಿ ಅದು ಹಾಗೇ ಇರುತ್ತದೆ, ಸರಿಮಾಡುವ ಮನಸ್ಸು ಬಂದ ದಿನ ವಾಪಸ್ ತರಲು ಒಂದು ಪುಲ್ ರಿಕ್ವೆಸ್ಟ್ ಸಾಕು.