ಪ್ರವಾಸದ ಪಟ್ಟಿಯಲ್ಲಿ ಮಲಗುವ ಊರಿನ ಎತ್ತರ

ಬಳ್ಳಾರಿಯ ಟ್ರಾವೆಲ್ಸ್ ಕಚೇರಿಯೊಂದರಲ್ಲಿ ಪ್ರವಾಸದ ಯೋಜನೆ ಸಿದ್ಧಪಡಿಸುವುದು ನನ್ನ ಕೆಲಸ. ಹಿಮಾಚಲದ ಸ್ಪಿತಿ ಕಣಿವೆಗೆ ಮೊದಲ ಬಾರಿ ಏಳು ಜನರ ತಂಡವನ್ನು ಕಳುಹಿಸಿದಾಗ, ಬೆಂಗಳೂರಿನ ದಾರಿಗೆ ಹಾಕುವ ಲೆಕ್ಕವನ್ನೇ ಅಲ್ಲಿಗೂ ಹಾಕಿದ್ದೆ: ಮನಾಲಿಯಿಂದ ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ ಸುಮಾರು 200 ಕಿಲೋಮೀಟರ್, ತಿಂಡಿ ಮುಗಿಸಿ ಹೊರಟರೆ ಸಂಜೆಯೊಳಗೆ ತಲುಪಬಹುದು.

ಗ್ರಾಂಫೂ ಎಂಬ ಜಾಗ ದಾಟಿದ ಮೇಲೆ ದಾರಿಯೆಂದರೆ ಬಹುಪಾಲು ಕಲ್ಲುಗಳೇ. ಬೆಳಿಗ್ಗೆ ಪಾದ ಮುಳುಗುವಷ್ಟು ಹರಿಯುವ ತೊರೆಗಳು, ಬಿಸಿಲಿಗೆ ಹಿಮ ಕರಗಿದಂತೆ ಮಧ್ಯಾಹ್ನದ ಹೊತ್ತಿಗೆ ರಸ್ತೆಯ ಮೇಲೆಯೇ ರಭಸದಿಂದ ಉಕ್ಕುತ್ತವೆ. ಅಂಥ ಒಂದು ತೊರೆಯ ಎದುರು ನಮ್ಮವರ ಗಾಡಿ ಮೂರು ಗಂಟೆ ನಿಂತಿತು. ಅವರು 4,500 ಮೀಟರ್‌ಗೂ ಎತ್ತರದ ಕುಂಜುಮ್ ಕಣಿವೆದಾರಿ ದಾಟಿ ಕಾಜಾ ಸೇರಿದಾಗ ರಾತ್ರಿ ಹತ್ತಾಗಿತ್ತು. ಸುಮಾರು 500 ಮೀಟರ್ ಎತ್ತರದ ಬಳ್ಳಾರಿಯವರು, ಮನಾಲಿಯಲ್ಲಿ ಒಂದೇ ರಾತ್ರಿ ತಂಗಿ, ಮರುದಿನ 3,600 ಮೀಟರ್‌ಗೂ ಮೇಲೆ ಮಲಗಿದರೆ ಏನಾಗಬೇಕೋ ಅದೇ ಆಯಿತು: ಎತ್ತರದ ತೆಳು ಗಾಳಿಗೆ ದೇಹ ಹೊಂದಿಕೊಳ್ಳಲು ಸಮಯವೇ ಸಿಗಲಿಲ್ಲ. ಇಬ್ಬರಿಗೆ ತೀವ್ರ ತಲೆನೋವು, ವಾಂತಿ. ಅಲ್ಲಿನ ಚಾಲಕರು ನನ್ನನ್ನು ಕೇಳದೆ, ಬೆಳಿಗ್ಗೆಯೇ ಎಲ್ಲರನ್ನೂ ಸುಮಾರು 400 ಮೀಟರ್ ಕೆಳಗಿರುವ ತಾಬೋಗೆ ಕರೆದೊಯ್ದರು. ಸಂಜೆಗೆ ಇಬ್ಬರೂ ಊಟ ಮಾಡಿದರು. ಆ ಚಾಲಕರಿಗೆ ನಾನು ಇಂದಿಗೂ ಋಣಿ.

ಆಮೇಲೆ ದಾರಿಯನ್ನೇ ತಿರುಗಿಸಿದೆ. ಈಗ ಶಿಮ್ಲಾದಿಂದ ಹೊರಟು ಕಲ್ಪಾ, ತಾಬೋ, ಕಾಜಾ ಎಂದು ಮೆಟ್ಟಿಲು ಹತ್ತಿದಂತೆ ಏರಿಸುತ್ತೇನೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು. ಕಿಲೋಮೀಟರ್ ಬರೆಯುತ್ತಿದ್ದ ಕಡೆ ಈಗ ಮಲಗುವ ಊರಿನ ಎತ್ತರ ಬರೆಯುತ್ತೇನೆ. ತಾಬೋದಲ್ಲಿ ಒಂದು ದಿನ ಪೂರ್ತಿ ಬಿಡುವು. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ಅಲ್ಲಿನ ಮಣ್ಣಿನ ಗೋಡೆಗಳ ಬೌದ್ಧ ವಿಹಾರದ ಚಿತ್ರಗಳನ್ನು ಅವಸರವಿಲ್ಲದೆ ನೋಡಲು ಆ ದಿನವೂ ಸಾಲದು. ಕುಂಜುಮ್ ಕೊನೆಗೆ ಬರುತ್ತದೆ. ಅಂದು ಬೆಳಗಿನ ಜಾವವೇ ಕಾಜಾ ಬಿಡಬೇಕು, ಮನಾಲಿ ಕಡೆ ದಾರಿಯಲ್ಲಿ ಬಂಕ್ ಇಲ್ಲದ ಕಾರಣ ಹಿಂದಿನ ಸಂಜೆಯೇ ಟ್ಯಾಂಕ್ ತುಂಬಿಸಿರಬೇಕು.

ಕಳೆದ ತಿಂಗಳು ಸಿರುಗುಪ್ಪದ ಹಿರಿಯರೊಬ್ಬರು, ಎರಡು ದಿನ ಕಡಿಮೆ ಮಾಡಿದರೆ ಖರ್ಚು ಉಳಿಯುತ್ತದಲ್ಲವೇ ಎಂದು ಕೇಳಿದರು. ದಿನ ಕಡಿಮೆ ಮಾಡಿ ಕಾಜಾಕ್ಕೆ ಕಳುಹಿಸಲು ನಾನು ಒಪ್ಪಲಿಲ್ಲ. ಕಲ್ಪಾದಲ್ಲಿಯೇ ಮೂರು ರಾತ್ರಿ ತಂಗಿ, ಎದುರಿನ ಕಿನ್ನೌರ್ ಕೈಲಾಸ ಶಿಖರವನ್ನು ಕಣ್ತುಂಬ ನೋಡಿ ಮರಳುವ ಯೋಜನೆಯನ್ನು ಬರೆದುಕೊಟ್ಟೆ.